ಬೀಡಿಂಗ್ ಅಂಟಿಸುವ ಮುಂಚೆ ಒಂದು ಚೊಂಬು ನೀರು

ಪ್ರಶ್ನೆ: ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿದ್ದೇನೆ. ಕಳೆದ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದಿಂದ 1966ರ ಫೋರ್ಡ್ ಮಸ್ಟಾಂಗ್ ಕನ್ವರ್ಟಿಬಲ್ (ಮಡಿಚುವ ಬಟ್ಟೆ ಛಾವಣಿಯ ಕಾರು) ಕೊಂಡು ತಂದೆ. ಅಲ್ಲಿ ಒಂದು ಹನಿ ಸೋರಿರಲಿಲ್ಲವಂತೆ. ಇಲ್ಲಿ ಅಕ್ಟೋಬರ್ ಮಳೆ ಶುರುವಾದದ್ದೇ ತಡ, ಬಲಗಡೆ ಕಾಲಿಡುವ ಜಾಗದ ಕಾರ್ಪೆಟ್ ಹಿಂಡಿದರೆ ನೀರು ಬರುತ್ತದೆ. ಸೀಟು ಒಣಗಿಯೇ ಇದೆ. ಬಾಗಿಲ ರಬ್ಬರೆಲ್ಲ ಬಿರುಕು ಬಿಟ್ಟಿದೆ, ಹೈವೇಯಲ್ಲಿ ಗಾಳಿ ಶಿಳ್ಳೆ ಹೊಡೆಯುತ್ತದೆ. ಪೂರ್ತಿ ಬೀಡಿಂಗ್ ಕಿಟ್ (ಸಂದು ಮುಚ್ಚುವ ರಬ್ಬರ್ ಪಟ್ಟಿಗಳು) ತರಿಸಿದ್ದೇನೆ. ನಾನೇ ಹಾಕಬಹುದೇ? ಎಲ್ಲಿಂದ ಶುರು ಮಾಡಲಿ? ಸಂದುಗಳಿಗೆ ಸಿಲಿಕೋನ್ ಬಳಿದರೆ ಸಾಲದೇ?

ಉತ್ತರ: ಕಿಟ್ ಪೆಟ್ಟಿಗೆ ಬಿಚ್ಚಿ, ರಬ್ಬರನ್ನೆಲ್ಲ ಹೊರಗೆ ತೆಗೆದು ಬೆಚ್ಚಗಿನ ಜಾಗದಲ್ಲಿ ಉದ್ದಕ್ಕೆ ಚಾಚಿಡಿ. ವಾರಗಟ್ಟಲೆ ಮಡಿಚಿಟ್ಟ ರಬ್ಬರಿಗೆ ಮಡಿಕೆ ಬಿಡಲು ಎರಡು ದಿನವಾದರೂ ಬೇಕು. ಅಂಟಿನ ಟ್ಯೂಬ್ ಮಾತ್ರ ಈಗಲೇ ಮುಟ್ಟಬೇಡಿ. ಬಲಗಡೆ ಕಾಲಿಡುವ ಜಾಗ ಒದ್ದೆ, ಸೀಟು ಒಣ ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ನನ್ನ ಅನುಮಾನ ಬಾಗಿಲ ಬೀಡಿಂಗ್ ಬಿಟ್ಟು ಬೇರೆ ಕಡೆಗೆ ಹೋಯಿತು.

ಬಾನೆಟ್ಟಿಗೂ ಮುಂದಿನ ಗ್ಲಾಸಿಗೂ ನಡುವೆ ಸಾಲು ಸೀಳುಗಳಿರುವ ಒಂದು ಅಗಲದ ಪಟ್ಟಿ ಇದೆ. ಅದಕ್ಕೆ ಕೌಲ್ ಎನ್ನುತ್ತಾರೆ. ಕಾರಿನ ಒಳಕ್ಕೆ ಹೊರಗಿನ ಗಾಳಿ ಹೋಗುವುದು ಆ ಸೀಳುಗಳಿಂದ. ಗಾಳಿ ಹೋಗುವಲ್ಲಿ ಮಳೆನೀರೂ ಹೋಗುತ್ತದೆ. ಅದು ಫೋರ್ಡ್‌ನವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಸೀಳುಗಳ ಕೆಳಗೆ ಒಂದು ತಗಡಿನ ತೊಟ್ಟಿ ಇಟ್ಟು, ಬಿದ್ದ ನೀರು ಎಡಕ್ಕೂ ಬಲಕ್ಕೂ ಹರಿದು ಮುಂದಿನ ಮಡ್ಗಾರ್ಡಿನ ಹಿಂದಿನಿಂದ ನೆಲಕ್ಕೆ ಇಳಿಯುವ ಹಾಗೆ ಮಾಡಿದ್ದರು. ಗಾಳಿ ಒಳಗೆ ಬರಬೇಕಾದ ಎರಡು ತೂತುಗಳ ಸುತ್ತ, ತಳ ಕತ್ತರಿಸಿದ ಲೋಟ ಕೂರಿಸಿದ ಹಾಗೆ, ತಗಡಿನ ಕತ್ತು ಎಬ್ಬಿಸಿದ್ದಾರೆ. ನೀರು ಕತ್ತಿನ ಸುತ್ತ ಹರಿದು ಹೋಗಬೇಕು, ಗಾಳಿ ಮಾತ್ರ ಕತ್ತಿನ ಬಾಯಿಂದ ಒಳಗಿಳಿಯಬೇಕು. ಎಡಗಡೆಯದು ಡ್ರೈವರ್ ಕಾಲಿಗೆ ಗಾಳಿ ಕೊಡುತ್ತದೆ, ಬಲಗಡೆಯದು ಹೀಟರ್ ಪೆಟ್ಟಿಗೆಗೆ.

ಲೆಕ್ಕ ಚೆನ್ನಾಗಿಯೇ ಇತ್ತು. ಆದರೆ ಅರವತ್ತು ವರ್ಷ ಆ ತೊಟ್ಟಿಯೊಳಗೆ ಎಲೆ, ಧೂಳು ಬಿದ್ದು ಗೊಬ್ಬರವಾಗಿ ಕೂತು, ತೇವ ಹಿಡಿದಿಟ್ಟುಕೊಂಡಿರುತ್ತದೆ. ತಗಡಿನ ಕತ್ತು ಬುಡದಲ್ಲೇ ತುಕ್ಕು ತಿಂದು ಜರಡಿಯಾಗುತ್ತದೆ. ಮೊದಲ ತಲೆಮಾರಿನ ಮಸ್ಟಾಂಗ್‌ಗಳಿಗೆ ಇದು ಹುಟ್ಟಿನ ಜೊತೆಗೇ ಬಂದ ಕಾಯಿಲೆ ಎಂದರೂ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ಗಾಡಿ, ಒಣ ಗಾಡಿ ಎಂದು ನಂಬಿ ಕೊಂಡಿರುತ್ತೀರಿ. ಅಲ್ಲಿ ತೂತು ಇದ್ದರೂ ತೋರಿಸಿಕೊಡುವಷ್ಟು ಮಳೆ ಬಿದ್ದಿರಲಿಕ್ಕಿಲ್ಲ. ನಿಮ್ಮೂರಿನಲ್ಲಿ ಮಳೆಯೂ ಇದೆ, ಮೇಲಿಂದ ಉದುರುವ ಡಗ್ಲಸ್ ಫರ್ ಮರದ ಸೂಜಿ ಎಲೆಯೂ ಇದೆ.

ಪರೀಕ್ಷೆ ಸುಲಭ, ಖರ್ಚಿಲ್ಲ. ಮಳೆ ಇಲ್ಲದ ದಿನ ಬಲಗಡೆಯ ಕಾರ್ಪೆಟ್ ಎತ್ತಿ ಮಡಿಚಿ, ನೆಲ ಒರೆಸಿ ಒಣಗಿಸಿ. ಮನೆಯವರಲ್ಲಿ ಒಬ್ಬರನ್ನು ಟಾರ್ಚ್ ಕೊಟ್ಟು ಡ್ಯಾಶ್‌ಬೋರ್ಡ್ ಕೆಳಗೆ ತಲೆಯಿಟ್ಟು ಮಲಗಲು ಹೇಳಿ. ಬಾಗಿಲು, ಕಿಟಕಿ ಮುಚ್ಚಿ. ನೀವು ಹೊರಗೆ ನಿಂತು, ಬಾಗಿಲಿನ ಮೇಲಾಗಲಿ ಗ್ಲಾಸಿನ ಮೇಲಾಗಲಿ ಒಂದು ಹನಿ ಬೀಳದ ಹಾಗೆ, ಬಲಗಡೆಯ ಸೀಳುಗಳಿಗೆ ಮಾತ್ರ ಒಂದು ಚೊಂಬು ನೀರನ್ನು ನಿಧಾನಕ್ಕೆ ಸುರಿಯಿರಿ. ಗಾಡಿ ಗಟ್ಟಿಯಿದ್ದರೆ ಆ ನೀರು ಮುಂದಿನ ಚಕ್ರದ ಹಿಂದೆ, ಬಾಗಿಲಿನ ಮುಂದೆ ನೆಲಕ್ಕೆ ಸುರಿಯುತ್ತದೆ. ಹೀಟರ್ ಪೆಟ್ಟಿಗೆಯ ಮೇಲಿಂದ ತೊಟ್ಟಿಕ್ಕಿದರೆ ಒಳಗೆ ಮಲಗಿದವರೇ ಕೂಗಿ ಹೇಳುತ್ತಾರೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ಒಂದು ಅವಮಾನ ಕಾರಣ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೇ ಒಂದು ಬಿಳಿ ಕನ್ವರ್ಟಿಬಲ್ ನನ್ನ ಕೈಗೆ ಬಂತು. ಬೀಡಿಂಗ್ ಹರಿದಿತ್ತು, ಕಾರ್ಪೆಟ್ ಒದ್ದೆಯಿತ್ತು. ಯೋಚನೆ ಮಾಡುವುದೇನಿದೆ ಎಂದು ನಾಲ್ಕು ದಿನ ಕೂತು ಇಡೀ ಗಾಡಿಗೆ ಹೊಸ ರಬ್ಬರ್ ಹಾಕಿದೆ. ಅಂದವಾಗಿಯೇ ಬಂತು. ಯಜಮಾನರು ದುಡ್ಡು ಕೊಟ್ಟು ಒಯ್ದರು. ಮೊದಲ ಮಳೆಗೆ ವಾಪಸ್ ಬಂದು ಏನೂ ಮಾತಾಡದೆ ಬಲಗಡೆಯ ಬಾಗಿಲು ತೆಗೆದರು. ಕಾರ್ಪೆಟ್ ಮೇಲೆ ಅಂಗೈ ಅಗಲದ ನೀರು ನಿಂತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು ನನ್ನ ನಾಲ್ಕು ದಿನದ ಕೆಲಸ.

ಕೌಲ್ ತೂತಾಗಿದ್ದರೆ ಸರಿಯಾದ ರಿಪೇರಿ ದೊಡ್ಡದು. ಮಡ್ಗಾರ್ಡ್ ಬಿಚ್ಚಬೇಕು, ಹತ್ತಾರು ಸ್ಪಾಟ್ ವೆಲ್ಡ್‌ಗಳನ್ನು ಡ್ರಿಲ್ ಮಾಡಿ ಮೇಲಿನ ತಗಡು ಎತ್ತಬೇಕು, ಹೊಸ ತಗಡು ಬೆಸೆಯಬೇಕು. ಇದನ್ನು ನೀವು ಮಾಡುವುದು ಬೇಡ, ಟಿಂಕರಿಂಗ್ ಬಲ್ಲವರಿಗೆ ಬಿಡಿ. ಹೀಟರ್ ಪೆಟ್ಟಿಗೆ ಇಳಿಸಿ, ಕೆಳಗಿನಿಂದ ಪ್ಲಾಸ್ಟಿಕ್ಕಿನ ಕತ್ತು ಅಂಟಿಸುವ ರಿಪೇರಿ ಭಾಗಗಳೂ ಸಿಗುತ್ತವೆ. ತುಕ್ಕು ಕತ್ತಿನ ಬುಡದಲ್ಲಷ್ಟೇ ಇದ್ದರೆ ಅದು ಕೆಲವು ವರ್ಷ ದೂಡುತ್ತದೆ, ನಾನು ಹಾಕಿಕೊಟ್ಟದ್ದುಂಟು. ತೊಟ್ಟಿಯೇ ತೆಳ್ಳಗಾಗಿದ್ದರೆ ಅಂಟು ಹಿಡಿಯಲು ತಗಡೇ ಇರುವುದಿಲ್ಲ. ಕೆಲವೊಮ್ಮೆ ತೂತೇ ಇರುವುದಿಲ್ಲ. ಕಸ ಕಟ್ಟಿಕೊಂಡು ನೀರು ಕತ್ತಿನ ಮಟ್ಟಕ್ಕೇರಿ ಉಕ್ಕಿರುತ್ತದೆ. ವ್ಯಾಕ್ಯೂಮ್ ಹಾಕಿ ಎಳೆದು, ಪೈಪಿನಲ್ಲಿ ನೀರು ಬಿಟ್ಟು ತೊಳೆದರೆ ಮುಗಿಯಿತು. ನಿಮಗೆ ಆ ಅದೃಷ್ಟವೇ ಇರಲಿ.

ಇನ್ನೊಂದು ಸಂಗತಿ. ನೆಲದ ಮೇಲಿನ ನೀರನ್ನು ಬೆರಳಲ್ಲಿ ಮುಟ್ಟಿ ಉಜ್ಜಿ ನೋಡಿ. ಜಿಡ್ಡುಜಿಡ್ಡಾಗಿದ್ದು ಸಿಹಿ ವಾಸನೆ ಬಂದರೆ ಅದು ಮಳೆನೀರಲ್ಲ, ಹೀಟರ್ ಒಳಗಿನ ಪುಟ್ಟ ರೇಡಿಯೇಟರ್ ಸೋರುತ್ತಿದೆ. ಅದೂ ಬಲಗಡೆಯೇ ಬೀಳುತ್ತದೆ. ಮಳೆ ಶುರುವಾದ ಮೇಲೆ ಒದ್ದೆಯಾಯಿತು ಎಂದು ನೀವು ಹೇಳಿರುವುದರಿಂದ ಅದಲ್ಲ ಅಂದುಕೊಳ್ಳುತ್ತೇನೆ. ಆದರೂ ಎಂಜಿನ್ ತಣಿಸುವ ಆ ದ್ರವ, ಅಂದರೆ ಕೂಲಂಟ್, ವಿಷ; ಮನೆಯಲ್ಲಿ ನಾಯಿ ಇದ್ದರೆ ನೆಕ್ಕದ ಹಾಗೆ ನೋಡಿಕೊಳ್ಳಿ.

ಈಗ ಬಾಗಿಲಿಗೆ ಬರೋಣ. ಕಿಟಕಿ ಗ್ಲಾಸಿನ ಹೊರಮೈ ಮೇಲೆ ಇಳಿಯುವ ಮಳೆನೀರು ಬಾಗಿಲಿನ ಹೊಟ್ಟೆಯೊಳಗೆ ಹೋಗುತ್ತದೆ. ಯಾವ ಬೀಡಿಂಗೂ ಅದನ್ನು ಪೂರ್ತಿ ತಡೆಯಲಾರದು, ತಡೆಯಬೇಕಾಗಿಯೂ ಇಲ್ಲ. ಬಾಗಿಲಿನ ತಳ ಅಂಚಿನಲ್ಲಿ ಅದಕ್ಕೆಂದೇ ಸೀಳುಗಳಿವೆ. ಆ ಸೀಳುಗಳ ಮೇಲೆ ಯಾರೋ ಬಳಿದ ಬಣ್ಣವೋ ಪುಟ್ಟಿಯೋ ಕೂತಿದ್ದರೆ ಬಾಗಿಲು ಬಿಂದಿಗೆಯಾಗುತ್ತದೆ. ಬಾಗಿಲನ್ನು ಜೋರಾಗಿ ಅಲ್ಲಾಡಿಸಿ ಕಿವಿಗೊಡಿ, ಗುಳುಗುಳು ಸದ್ದು ಬಂದರೆ ಸೀಳಿಗೆ ತಂತಿ ಹಾಕಿ ಬಿಡಿಸಿ.

ಒಳಗಡೆಯ ರೆಕ್ಸಿನ್ ಪ್ಯಾನೆಲ್ ತೆಗೆದರೆ ಅದರ ಹಿಂದೆ ಡಾಂಬರು ಬಳಿದ ಕಾಗದವೋ ಪ್ಲಾಸ್ಟಿಕ್ ಹಾಳೆಯೋ ಇರಬೇಕು. ಹತ್ತರಲ್ಲಿ ಎಂಟು ಹಳೆಯ ಗಾಡಿಗಳಲ್ಲಿ ನಾನು ಅದನ್ನು ಕಂಡೇ ಇಲ್ಲ. ಕಿಟಕಿಯ ಹಿಡಿ ರಿಪೇರಿಗೆ ಬಿಚ್ಚಿದ ಯಾರೋ ಹರಿದು ಎಸೆದಿರುತ್ತಾರೆ. ಆ ಹಾಳೆ ಇಲ್ಲದಿದ್ದರೆ ಬಾಗಿಲೊಳಗಿನ ನೀರು ಪ್ಯಾನೆಲ್ಲಿನ ರಟ್ಟನ್ನು ನೆನೆಸಿ ಒಳಗಡೆ ಇಳಿಯುತ್ತದೆ; ನೀವು ಹೊರಗಿನ ಬೀಡಿಂಗನ್ನು ಬೈಯುತ್ತಾ ಕೂರುತ್ತೀರಿ. ದಪ್ಪ ಪಾಲಿಥಿನ್ ಹಾಳೆ ಕತ್ತರಿಸಿ, ಒಣಗದ ಬ್ಯೂಟೈಲ್ ಎಂಬ ಅಂಟು ರಬ್ಬರಿನ ಹಗ್ಗದಿಂದ ಸುತ್ತಲೂ ಅಂಟಿಸಿ, ಕೆಳ ಅಂಚನ್ನು ಬಾಗಿಲಿನ ಹೊಟ್ಟೆಯೊಳಕ್ಕೆ ತುರುಕಿ. ಹೊರಗೆ ಬಿಟ್ಟರೆ ಹಾಳೆ ಹಾಕಿಯೂ ಹಾಕದ ಹಾಗೆ.

ನಾನು ಕೆಲಸ ಕಲಿತದ್ದು ಸಕಲೇಶಪುರದಲ್ಲಿ, ಎಸ್ಟೇಟ್ ಜೀಪುಗಳಿಗೆ ಹುಡ್ ಹೊಲಿಯುತ್ತಿದ್ದ ಸೋದರಮಾವನ ಅಂಗಡಿಯಲ್ಲಿ. ಜೂನ್ ಮಳೆಗೆ ಯಾವ ಜೀಪಿನ ಹುಡ್ಡೂ ನಿಲ್ಲುತ್ತಿರಲಿಲ್ಲ. "ಸೋರ್ತದೆ" ಎಂದು ಯಾರು ಬಂದರೂ ಮಾವ ಮೊದಲು ಬಗ್ಗಿ ನೆಲದ ತೂತಿನ ಬಿರಡೆ ಎಲ್ಲಿ ಎಂದು ನೋಡುತ್ತಿದ್ದರು. ಬಂದ ನೀರು ಹೋಗಲಿಕ್ಕೆ ದಾರಿ ಇದೆಯೇ ಎನ್ನುವುದೇ ಅವರ ಮೊದಲ ಪ್ರಶ್ನೆ. ಮಸ್ಟಾಂಗ್ ಮುಂದೆ ಕೂತಾಗಲೂ ನನಗೆ ಆ ಬಗ್ಗಿದ ಬೆನ್ನೇ ನೆನಪಾಗುತ್ತದೆ.

ಮೂರನೆಯದು ಬಾಗಿಲು ಕೂರುವ ರೀತಿ. ನಿಮ್ಮ ಶಿಳ್ಳೆಯ ಮೂಲ ಇಲ್ಲಿರಬಹುದು. ಬಾಗಿಲನ್ನು ಅರ್ಧ ತೆಗೆದು ಹಿಂದಿನ ತುದಿ ಹಿಡಿದು ಮೇಲಕ್ಕೆತ್ತಿ ನೋಡಿ. ಅದು ಟಕ್ ಎಂದು ಎದ್ದು ಬಿದ್ದರೆ ಹಿಂಜಿನ ಪಿನ್ನು, ಬುಷ್ ಸವೆದಿವೆ. ಆ ಬಾಗಿಲು ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ, ಅದಕ್ಕೆ ಸರಿಹೊಂದುವ ಬೀಡಿಂಗನ್ನು ಯಾವ ಕಂಪನಿಯೂ ಮಾಡಿಲ್ಲ. ಮೊದಲು ಬುಷ್ ಹಾಕಿಸಿ.

ಹಾಗೆಯೇ ಬಾಗಿಲಿನ ಹಿಂದಿನ ಸಂದು ಕೆಳಗೆ ಅಗಲ, ಮೇಲೆ ಕಿರಿದು ಇದೆಯೇ ನೋಡಿ. ತಗಡಿನ ಛಾವಣಿ ಇಲ್ಲದ ಗಾಡಿಯಲ್ಲಿ ಬಲವೆಲ್ಲ ಬಾಗಿಲಿನ ಕೆಳಗೆ ಉದ್ದಕ್ಕೂ ಇರುವ ರಾಕರ್ ಎಂಬ ತಗಡಿನ ಪೆಟ್ಟಿಗೆಯಲ್ಲಿರುತ್ತದೆ. ಅದಕ್ಕೇ ಕನ್ವರ್ಟಿಬಲ್‌ಗೆ ಅಲ್ಲಿ ಹೆಚ್ಚುವರಿ ತಗಡು ಹಾಕಿದ್ದರು. ಅದು ಒಳಗಿಂದ ತುಕ್ಕು ಹಿಡಿದರೆ ಗಾಡಿ ನಡುವಿನಲ್ಲಿ ಕುಸಿದು, ಬಾಗಿಲಿನ ಮೇಲಿನ ಸಂದು ಕಚ್ಚಿಕೊಳ್ಳುತ್ತದೆ. ಹಾಗಿದ್ದರೆ ರಬ್ಬರಿನ ಮಾತು ಬಿಟ್ಟು ರಾಕರ್ ಪರೀಕ್ಷೆ ಮಾಡಿಸಿ. ಈ ಸಂದು ನೋಡುವ ಕೆಲಸವನ್ನೆಲ್ಲ ಗಾಡಿ ನಾಲ್ಕು ಚಕ್ರದ ಮೇಲೆ ನಿಂತಿರುವಾಗಲೇ ಮಾಡಬೇಕು. ಜಾಕ್ ಕೊಟ್ಟಾಗ ಮೈ ಬಾಗಿ ಸುಳ್ಳು ಹೇಳುತ್ತದೆ.

ಇಷ್ಟಾದ ಮೇಲೆ ರಬ್ಬರು. ಹಳೆಯದು ಬಿರುಕು ಬಿಡುವುದು ಬಿಸಿಲಿಗೆ ಮಾತ್ರವಲ್ಲ, ಗಾಳಿಯಲ್ಲಿರುವ ಓಜೋನ್ ಅನಿಲಕ್ಕೂ ಹೌದು. ಸಹಜ ರಬ್ಬರಿನ ಅಣುಸರಪಳಿಯ ಕೊಂಡಿಗಳನ್ನು ಓಜೋನ್ ಕತ್ತರಿಸುತ್ತದೆ. ಈಗ ಬರುವ ಒಳ್ಳೆಯ ಬೀಡಿಂಗ್ ಇಪಿಡಿಎಂ ಎನ್ನುವ ರಬ್ಬರಿನದು. ಅದರ ಬೆನ್ನೆಲುಬಿನಲ್ಲಿ ಓಜೋನ್ ಕಚ್ಚುವಂಥ ಕೊಂಡಿ ಇಲ್ಲ, ಹಾಗಾಗಿ ಬಾಳುತ್ತದೆ. ಆದರೆ ಅದಕ್ಕೆ ಪೆಟ್ರೋಲಿಯಂ ಎಣ್ಣೆ ಆಗದು, ಉಬ್ಬಿ ಮೆದುವಾಗುತ್ತದೆ. ಹೊಳಪಿಗೆಂದು ಗ್ರೀಸು, ಎಂಜಿನ್ ಆಯಿಲ್, ವ್ಯಾಸಲೀನ್ ಸವರಬೇಡಿ. ಅಂಟಿಸಿ ಮುಗಿದ ಮೇಲೆ ಸಿಲಿಕೋನ್ ಗ್ರೀಸು ತೆಳ್ಳಗೆ ಸವರಿ, ಇಲ್ಲವೇ ಟಾಲ್ಕಂ ಪೌಡರ್ ಹಚ್ಚಿ.

ಹಳೆಯ ತುಂಡನ್ನು ಎಸೆಯುವ ಮುಂಚೆ ಹೊಸದರ ಪಕ್ಕ ಮಲಗಿಸಿ. ಉದ್ದ, ಮೂಲೆಯ ತಿರುವು, ಅಡ್ಡ ಕತ್ತರಿಸಿದರೆ ಕಾಣುವ ಆಕಾರ, ಎಲ್ಲ ಹೋಲಿಸಿ. ಮರುತಯಾರಿಕೆಯ ಬೀಡಿಂಗ್ ಎಲ್ಲವೂ ಒಂದೇ ಅಚ್ಚಿನಿಂದ ಬರುವುದಿಲ್ಲ. ಹೊರಗೆ ಒಂದೇ ಕಂಡರೂ ಕೆಲವು ಕಲ್ಲಿನಂತೆ ಗಟ್ಟಿ. ಬೆರಳಲ್ಲಿ ಅದುಮಿ ಬಿಟ್ಟಾಗ ಕೂಡಲೇ ಎದ್ದು ಬರಬೇಕು. ತುದಿಯನ್ನು ನೀರಲ್ಲಿ ಅದ್ದಿ ಹಿಂಡಿ, ಸ್ಪಂಜಿನ ಹಾಗೆ ನೀರು ಕುಡಿದಿದ್ದರೆ ವಾಪಸ್ ಕಳಿಸಿ. ಬಾಗಿಲಿಗೂ ಗಾಡಿಯ ಮೈಗೂ ನಡುವೆ ಎಷ್ಟು ಜಾಗವಿದೆ ಎಂದು ತಿಳಿಯಲು ಮಕ್ಕಳ ಮಾಡೆಲಿಂಗ್ ಕ್ಲೇ ಸಾಕು. ನಾಲ್ಕೈದು ಕಡೆ ಗೋಲಿ ಗಾತ್ರದ ಉಂಡೆ ಅಂಟಿಸಿ, ಮೇಲೆ ತೆಳು ಪ್ಲಾಸ್ಟಿಕ್ ಇಟ್ಟು ಬಾಗಿಲು ಹಾಕಿ ತೆಗೆಯಿರಿ. ಚಪ್ಪಟೆಯಾದ ಉಂಡೆಯ ದಪ್ಪ ಅಳೆಯಿರಿ. ಬೀಡಿಂಗ್ ಅದಕ್ಕಿಂತ ದಪ್ಪವಿದ್ದು, ಬಾಗಿಲು ಮುಚ್ಚಿದಾಗ ತನ್ನ ಮೂರನೇ ಒಂದು ಭಾಗದಷ್ಟು ಅಮುಕಿಕೊಂಡರೆ ನನ್ನ ಅನುಭವದಲ್ಲಿ ಸರಿ.

ಅಂಟಿಸುವ ಕೆಲಸದ ಮುಕ್ಕಾಲು ಪಾಲು ಹಳೆಯ ಅಂಟು ತೆಗೆಯುವುದರಲ್ಲೇ ಹೋಗುತ್ತದೆ. ಬೇಸರದ ಕೆಲಸ. ಪ್ಲಾಸ್ಟಿಕ್ ಉಳಿಯಿಂದ ಕೆರೆದು, ಉಳಿದದ್ದನ್ನು ಮಿನರಲ್ ಸ್ಪಿರಿಟ್‌ನಲ್ಲಿ ನೆನೆಸಿದ ಬಟ್ಟೆಯಿಂದ ಉಜ್ಜಿ. ಅಸಿಟೋನ್, ಥಿನ್ನರ್ ಹತ್ತಿರ ತರಬೇಡಿ, ಅಂಟಿನ ಜೊತೆ ಬಣ್ಣವೂ ಬರುತ್ತದೆ. ಕೆಳಗೆ ತುಕ್ಕು ಕಂಡರೆ ಕೆರೆದು ಪ್ರೈಮರ್, ಬಣ್ಣ ಹಚ್ಚಿ ಚೆನ್ನಾಗಿ ಒಣಗಿಸಿ.

ಮೊದಲು ಅಂಟಿಲ್ಲದೆ ಕೂರಿಸಿ ನೋಡಿ. ಬಾಗಿಲ ಬೀಡಿಂಗ್ ಎಡ ಬಲ ಬೇರೆ ಬೇರೆ, ಅಚ್ಚಿನಲ್ಲಿ ಮಾಡಿದ ಮೂಲೆ ಎಲ್ಲಿ ಕೂರಬೇಕೋ ಅಲ್ಲೇ ಕೂರಬೇಕು. ಮಾಸ್ಕಿಂಗ್ ಟೇಪಿನಿಂದ ಅಲ್ಲಲ್ಲಿ ಹಿಡಿಸಿ ಬಾಗಿಲನ್ನು ಮೆತ್ತಗೆ ಮುಚ್ಚಿ. ಹಿಂಜಿನ ಬದಿಯಲ್ಲಿ ರಬ್ಬರ್ ಸಿಕ್ಕಿಕೊಂಡು ಚಿವುಟಿದಂತಾದರೆ ಜಾಗ ತಪ್ಪಿದೆ. ಸಮಾಧಾನವಾದ ಮೇಲೆ ಮೂಲೆಯಿಂದ ಶುರು ಮಾಡಿ, ಒಂದು ಗೇಣಿನಷ್ಟೇ ಉದ್ದಕ್ಕೆ ತಗಡಿಗೂ ರಬ್ಬರಿಗೂ ಬೀಡಿಂಗಿಗೆಂದೇ ಇರುವ ವೆದರ್‌ಸ್ಟ್ರಿಪ್ ಅಂಟನ್ನು ತೆಳ್ಳಗೆ ಹಚ್ಚಿ. ಕೂಡಲೇ ಒತ್ತಬೇಡಿ. ಬೆರಳು ತಾಗಿಸಿದರೆ ಅಂಟಬೇಕು, ನೂಲು ಎಳೆಯಬಾರದು. ಬೆಂದ ಬೆಲ್ಲದ ಪಾಕ ನೋಡಿ ಗೊತ್ತಿರುವವರಿಗೆ ಆ ಹದ ಬೇಗ ತಿಳಿಯುತ್ತದೆ. ಆಮೇಲೆ ಒತ್ತಿ. ಕಪ್ಪು ಅಂಟನ್ನೇ ಕೊಳ್ಳಿ. ಹಳದಿಯದು ಚೆಲ್ಲಿದ ಕಡೆಯೆಲ್ಲ ಕಣ್ಣಿಗೆ ಹೊಡೆಯುತ್ತದೆ.

ಎಲ್ಲರೂ ಮಾಡುವ ಒಂದು ತಪ್ಪೆಂದರೆ ರಬ್ಬರನ್ನು ಎಳೆದು ಅಂಟಿಸುವುದು. ಎಳೆದರೆ ನೇರವಾಗಿ ಚೆಂದ ಕಾಣುತ್ತದೆ, ಆದರೆ ಅದು ತನ್ನ ಉದ್ದಕ್ಕೆ ಮರಳದೆ ಇರುವುದಿಲ್ಲ. ತಿಂಗಳಲ್ಲಿ ಮೂಲೆಗಳು ಬಿಟ್ಟುಕೊಂಡು ಬೆರಳು ತೂರುವಷ್ಟು ಸಂದಾಗುತ್ತದೆ. ನಾನು ಪ್ರತಿ ಗೇಣಿಗೂ ಕೂದಲೆಳೆಯಷ್ಟು ಹಿಂದಕ್ಕೆ ತಳ್ಳಿ ಒತ್ತುತ್ತೇನೆ. ಡಿಕ್ಕಿಯ ಬೀಡಿಂಗಿನಲ್ಲೂ ಅಷ್ಟೆ, ಅಳತೆಗಿಂತ ಒಂದೆರಡು ಸೆಂಟಿಮೀಟರ್ ಉದ್ದ ಬಿಟ್ಟು ಕತ್ತರಿಸಿ, ಎರಡು ತುದಿಗಳನ್ನು ಮುಖಾಮುಖಿ ಒತ್ತಿ ಅಂಟಿಸಿ.

ಹೊಸ ಬೀಡಿಂಗ್ ಹಾಕಿದ ಬಾಗಿಲು ಮುಚ್ಚಲು ಸೊಂಟ ಕೊಡಬೇಕಾಗುತ್ತದೆ. ಗಾಬರಿಯಾಗಬೇಡಿ, ಹಾಳಾಗಿದೆ ಎಂದು ಕೀಳಬೇಡಿ, ದಬಾರನೆ ಬಡಿಯಲೂ ಬೇಡಿ. ಲಾಕ್ ಹಿಡಿಯುವ ಕೊಂಡಿಯನ್ನು ಸ್ವಲ್ಪ ಹೊರಕ್ಕೆ ಸರಿಸಿ, ಒಂದೆರಡು ವಾರ ಬಾಗಿಲು ಮುಚ್ಚಿಯೇ ಇಡಿ. ರಬ್ಬರ್ ಒಗ್ಗಿದ ಮೇಲೆ ಕೊಂಡಿಯನ್ನು ವಾಪಸ್ ಒಳಕ್ಕೆ ತನ್ನಿ.

ಟಾಪಿನ, ಅಂದರೆ ಮಡಿಚುವ ಛಾವಣಿಯ, ಬೀಡಿಂಗ್ ಇನ್ನೂ ನಾಜೂಕು. ನಿಮ್ಮ ಗಾಡಿಯ ಬಾಗಿಲ ಗ್ಲಾಸಿಗೆ ಮೇಲೆ ಚೌಕಟ್ಟಿಲ್ಲ. ಗ್ಲಾಸಿನ ಅಂಚು ನೇರ ಟಾಪಿನ ಪಕ್ಕದ ರಬ್ಬರಿಗೆ ತಾಗಬೇಕು. ಮಡಿಚುವ ಫ್ರೇಮ್ ಆದ್ದರಿಂದ ಆ ರಬ್ಬರ್ ಪ್ರತಿ ಬದಿಗೂ ಮುಂದೆ, ನಡುವೆ, ಹಿಂದೆ ಎಂದು ತುಂಡಾಗಿದೆ. ತುಂಡುಗಳು ಸೇರುವಲ್ಲಿ ತುದಿಗಳು ಒಂದಕ್ಕೊಂದು ತಾಗಿಕೊಂಡಿರಬೇಕು. ಗಾಳಿಯ ಶಿಳ್ಳೆ ಬಹುಪಾಲು ಈ ಸೇರುವೆಗಳಿಂದಲೋ, ಬಾಗಿಲ ಗ್ಲಾಸೂ ಹಿಂದಿನ ಪುಟ್ಟ ಗ್ಲಾಸೂ ಸೇರುವ ನಿಂತ ಸಂದಿನಿಂದಲೋ ಬರುತ್ತದೆ.

ಟಾಪ್ ಮುಚ್ಚಿ ಕೊಂಡಿ ಹಾಕಿ, ಮೊದಲು ಬಾಗಿಲ ಗ್ಲಾಸನ್ನು ಹೊಂದಿಸಿ, ಆಮೇಲೆ ಅದಕ್ಕೆ ಸರಿಯಾಗಿ ಹಿಂದಿನದನ್ನು. ಪ್ಯಾನೆಲ್ ಹಿಂದಿನ ಬೋಲ್ಟ್ ಸಡಿಲಿಸುವ ಮುಂಚೆ ಅದು ಈಗ ನಿಂತಿರುವ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಎಳೆದಿಡಿ, ಕೆಟ್ಟರೆ ಮರಳಲು ಒಂದು ದಾರಿ ಇರಲಿ. ಗ್ಲಾಸಿನ ಮೇಲಂಚು ಸ್ವಲ್ಪ ಒಳಕ್ಕೆ ವಾಲಿ ರಬ್ಬರನ್ನು ಒತ್ತಬೇಕು. ಒಂದು ಡಾಲರ್ ನೋಟನ್ನು ಗ್ಲಾಸಿಗೂ ರಬ್ಬರಿಗೂ ನಡುವೆ ಇಟ್ಟು ಎಳೆಯುತ್ತಾ ಉದ್ದಕ್ಕೂ ಹೋಗಿ. ಎಲ್ಲ ಕಡೆ ಒಂದೇ ಬಿಗಿ ಸಿಗಬೇಕು. ಜಾರಿ ಬಂದ ಜಾಗಕ್ಕೆ ಟೇಪಿನ ಗುರುತು ಹಾಕಿ ಅಲ್ಲಿ ಮಾತ್ರ ಕೆಲಸ ಮಾಡಿ.

ಟಾಪಿನ ಮುಂದಂಚಿನ ಅಡ್ಡ ಬೀಡಿಂಗ್ ಹಾಕುವ ಮುಂಚೆ ಟಾಪಿನ ಬಟ್ಟೆ ಇನ್ನೆಷ್ಟು ವರ್ಷ ಬರುತ್ತದೆ ಎಂದು ಯೋಚಿಸಿ. ಬಟ್ಟೆಯ ಮುಂದಿನ ತುದಿ ಆ ಬೀಡಿಂಗಿನ ಅಡಿಯಲ್ಲೇ ಇದೆ. ಮುಂದಿನ ವರ್ಷ ಬಟ್ಟೆ ಬದಲಿಸುವುದಿದ್ದರೆ ಈಗ ಹಾಕಿದ್ದನ್ನು ಕೀಳಬೇಕಾಗುತ್ತದೆ. ಅದೊಂದನ್ನು ಎತ್ತಿಡಿ.

ಸಿಲಿಕೋನ್ ಬಗ್ಗೆ ಕೇಳಿದ್ದೀರಿ. ಬೇಡವೇ ಬೇಡ. ಬಚ್ಚಲುಮನೆಗೆ ಹಾಕುವ ಸಾಮಾನ್ಯ ಸಿಲಿಕೋನ್ ಒಣಗುವಾಗ ವಿನಿಗರ್ ವಾಸನೆ ಬರುತ್ತದಲ್ಲ, ಅದು ಅಸಿಟಿಕ್ ಆಮ್ಲ. ಬರಿಯ ತಗಡನ್ನು ತಿನ್ನುತ್ತದೆ. ಒಮ್ಮೆ ಸಿಲಿಕೋನ್ ಹತ್ತಿದ ಜಾಗಕ್ಕೆ ಆಮೇಲೆ ಬಣ್ಣವೂ ಹಿಡಿಯುವುದಿಲ್ಲ, ಬೀಡಿಂಗಿನ ಅಂಟೂ ಹಿಡಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಒಳಗೆ ಬಂದ ನೀರು ಹೊರಹೋಗುವ ಸಂದುಗಳನ್ನೇ ಅದು ಮುಚ್ಚಿಬಿಡುತ್ತದೆ. ಮುಂದಿನ ಗ್ಲಾಸಿನ ರಬ್ಬರಿನ ಅಂಚಲ್ಲಿ ಸೋರಿಕೆ ಕಂಡರೆ ಅದಕ್ಕೆ ಒಣಗಿ ಗಟ್ಟಿಯಾಗದ ಸೀಲರ್ ಬೇರೆಯೇ ಇದೆ, ಅದನ್ನು ರಬ್ಬರಿನ ತುಟಿ ಎತ್ತಿ ಒಳಗೆ ತುಂಬಬೇಕು.

ಮುಗಿದ ಮೇಲೆ ಪರೀಕ್ಷೆಗೆ ಪ್ರೆಷರ್ ವಾಷರ್ ತರಬೇಡಿ. ತೋಟದ ಪೈಪಿನಿಂದ, ಒತ್ತಡವಿಲ್ಲದೆ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಸಂದಿಗೆ ಎರಡು ಮೂರು ನಿಮಿಷ ನೀರು ಬಿಡಿ. ಮೇಲಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿದು, ಯಾವ ಸಂದು ಕಳ್ಳ ಎಂದು ಗೊತ್ತಾಗುವುದಿಲ್ಲ. ಕಾರ್ಪೆಟ್ಟನ್ನು ಇನ್ನೂ ಎರಡು ಮಳೆ ಕಳೆಯುವ ತನಕ ಹಾಕಬೇಡಿ. ಟಾಪನ್ನು ಒದ್ದೆ ಇರುವಾಗ ಮಡಿಚಬೇಡಿ. ಇಳಿಸುವಾಗಲೂ ಏರಿಸುವಾಗಲೂ ನಾಲ್ಕೂ ಗ್ಲಾಸನ್ನು ಮೊದಲು ಕೆಳಗಿಳಿಸಿಕೊಳ್ಳಿ. ಗ್ಲಾಸು ಏರಿಸಿಟ್ಟುಕೊಂಡೇ ಟಾಪ್ ಎಳೆದರೆ ಅದರ ಅಂಚು ಹೊಸ ರಬ್ಬರಿನ ತುಟಿಯನ್ನು ಮೊದಲ ದಿನವೇ ಹರಿದು ಹಾಕುತ್ತದೆ.